ಬೂದಿಗೆ ಹಿಂಡಿದ ಹಾಲು

ಬೆಳಕು ಹರಿಯುವ ಮುಂಚೆ ತೀರ್ಥಮ್ಮ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು. ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕುವುದು. ಗಂಜಲ ನಿಂತ ಕಡೆ ಬೂದಿ ಚೆಲ್ಲುವುದು. ಹಂಡೆಯೊಲೆಗೆ ತೆಂಗಿನ ಮಟ್ಟೆ ತುರುಕಿ ಸ್ನಾನದ ನೀರಿಗೆ ಉರಿ ಹಾಕುವುದು. ಬಾವಿಯಿಂದ ಕುಡಿಯಲಿಕ್ಕೆ ಬೇರೆ, ಬಳಸಲಿಕ್ಕೆ ಬೇರೆ, ದನಕ್ಕೆ ಬೇರೆ ನೀರು ಸೇದುವುದು. ಅಂಗಳಕ್ಕೆ ಸಗಣಿ ನೀರು ಹಾಕಿ ರಂಗೋಲಿ ಎಳೆಯುವುದು. ಹಾಲು ಕರೆಯುವುದು, ಮೊಸರು ಕಡೆಯುವುದು, ಬೆಣ್ಣೆ ತೆಗೆದು ಗಡಿಗೆ ತೊಳೆದು ಕವುಚಿ ಹಾಕುವುದು. ಗಂಡನ ಲಿಂಗಪೂಜೆಗೆ ತಂಬಿಗೆ ಬೆಳಗಿ, ಹೂವು ಬಿಡಿಸಿ, ವಿಭೂತಿ ಗಟ್ಟಿ ಎತ್ತಿಟ್ಟು ಮಣೆ ಹಾಕುವುದು. ಅತ್ತೆ ಕಲ್ಲಮ್ಮನ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ತಿಕ್ಕುವುದು. ರೊಟ್ಟಿಗೆ ಹಿಟ್ಟು ನಾದುವುದು.

ಇಷ್ಟೆಲ್ಲ ಆದ ಮೇಲೆ ಗಂಡ ಷಣ್ಮುಖಪ್ಪ ಎದ್ದು, ಆಕಳಿಸಿ, “ಕಾಫಿ ಆಯ್ತೇನೇ?” ಎನ್ನುತ್ತಿದ್ದ. ಆ ಮನೆಯ ಲೆಕ್ಕದಲ್ಲಿ ಬೆಳಗಾಗುತ್ತಿದ್ದದ್ದು ಆಗ. ಅದಕ್ಕೂ ಮುಂಚಿನದು ಕೆಲಸವೆಂದು ಯಾರ ಬಾಯಲ್ಲೂ ಬಂದದ್ದಿಲ್ಲ. “ನಮ್ಮನೇಲಿ ಹೆಂಗಸರಿಗೆ ಕೆಲಸವೇ ಇಲ್ಲ ಕಣ್ರೀ, ಆರಾಮಾಗವ್ರೆ” ಎಂದು ಷಣ್ಮುಖಪ್ಪ ಅಜ್ಜಂಪುರದ ಅಂಗಡಿ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ, ತುಂಬಾ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ.

ಅಜ್ಜಂಪುರದ ಬಸ್ಸು ಕೈ ಅಡ್ಡ ಹಾಕಿದರೆ ಮಾತ್ರ ನಿಲ್ಲುವ, ಹುಲ್ಲುಗಾವಲಿನ ಅಂಚಿನ ಊರು ಅದು. ದನ ಕಟ್ಟದ ಮನೆಯಿಲ್ಲ. ಹಸು ಈಯುವ ದಿನ ತೀರ್ಥಮ್ಮನ ಕೆಲಸದ ಸಾಲಿಗೆ ಇನ್ನೊಂದಷ್ಟು ಸೇರುತ್ತಿದ್ದವು. ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂರುವುದು, ಕರು ಜಾರಿ ಬಿದ್ದಾಗ ಹಿಡಿಯುವುದು, ಮೂಗು ಬಾಯಿಯ ಲೋಳೆ ಒರೆಸುವುದು, ಕಸ, ಅಂದರೆ ಮಾಸು, ಬೀಳುವ ತನಕ ನಾಯಿ ನುಗ್ಗದ ಹಾಗೆ ಕಾಯುವುದು, ಬಿದ್ದ ಕಸವನ್ನು ಹರಕು ಗೋಣಿಯಲ್ಲಿ ಕಟ್ಟಿ ಆಲದ ಮರಕ್ಕೆ ನೇತುಹಾಕಲು ಕೊಡುವುದು. ಹಸು ಈಯುವ ಹೊತ್ತಿಗೆ ಸರಿಯಾಗಿ ಗಂಡಸರಿಗೆ ತೋಟದಲ್ಲಿ ಏನಾದರೊಂದು ಜ್ಞಾಪಕಕ್ಕೆ ಬರುತ್ತಿತ್ತು. ಗಿಣ್ಣು ಬೆಂದ ಹೊತ್ತಿಗೆ ಮಾತ್ರ ಒಬ್ಬರೂ ತಪ್ಪದೆ ಪಡಸಾಲೆಯಲ್ಲಿ ಹಾಜರು.

ಹಸು ಈದ ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಟ್ಟಿ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಅದು ಗಿಣ್ಣು. ಷಣ್ಮುಖಪ್ಪನ ಮನೆಯ ಗಿಣ್ಣಿಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು, ಹೆಸರಿಗೆ ತಕ್ಕ ಹಾಗೆ ಹಂಚುವುದಕ್ಕೊಂದು ವರಸೆ ಇತ್ತು. ಮೊದಲ ಕರಾವಿನಲ್ಲಿ ಒಂದು ತಂಬಿಗೆ ಮಠಕ್ಕೆ. ಮಠದವರು ಬಾಯಿ ಬಿಟ್ಟು ಕೇಳಿದ್ದಿಲ್ಲ, ಮನೆತನದ ದೊಡ್ಡಸ್ತಿಕೆ ಕೇಳುತ್ತಿತ್ತು. ಒಂದು ತಂಬಿಗೆ ಕಲ್ಲಮ್ಮನ ತಮ್ಮನ ಮನೆಗೆ. ಮಿಕ್ಕಿದ್ದು ಬೆಂದು, ಗಟ್ಟಿಯಾಗಿ, ಕೊಯ್ದ ತುಂಡುಗಳಾಗಿ ಗಂಡಸರ ಎಲೆಗೆ. ಕರೆದವಳಿಗೆ, ಬೇಯಿಸಿದವಳಿಗೆ ಪಾತ್ರೆಯ ಅಂಚಿಗೆ ಹತ್ತಿಕೊಂಡದ್ದು.

ಮತ್ತೆ ಕರುವಿಗೆ? ಕರುವಿಗೆ ‘ಬಾಯಿ ತೋರಿಸುವುದು’. ಹಸು ಹಾಲು ಇಳಿಸಲಿ ಎಂದು ಒಂದು ಗುಟುಕು ಚೀಪಲು ಬಿಟ್ಟು, ಆಮೇಲೆ ಕತ್ತು ಹಿಡಿದು ಎಳೆದು ಗೂಟಕ್ಕೆ ಕಟ್ಟುವುದು. “ಗಿಣ್ಣು ಜಾಸ್ತಿ ಕುಡಿದ್ರೆ ಕರುವಿಗೆ ಭೇದಿ ಹತ್ತುತ್ತೆ” ಎಂಬುದು ಮನೆಯ ಮಾತು. ಕುಡಿಯದ ಕರುಗಳಿಗೇ ಭೇದಿ ಹತ್ತಿ, ಬಾಲವೆಲ್ಲ ಗಲೀಜಾಗಿ, ಕಣ್ಣು ಒಳಗೆ ಹೋಗಿ ಸಾಯುತ್ತಿದ್ದವು. ಸತ್ತಾಗಲೂ ಅದೇ ಮಾತು: ಎಲ್ಲೋ ಒಂದು ಗುಟುಕು ಜಾಸ್ತಿ ಕುಡಿದುಬಿಟ್ಟಿರಬೇಕು.

ಈ ಮನೆಗೆ ತೀರ್ಥಮ್ಮ ಲಿಂಗದಹಳ್ಳಿಯಿಂದ ಸೊಸೆಯಾಗಿ ಬಂದದ್ದು ಅರವತ್ತೊಂಬತ್ತರಲ್ಲಿ. ಮಾರನೆಯ ವರ್ಷ ಬೇಸಿಗೆಯಲ್ಲಿ ಮೊದಲ ಹೆರಿಗೆ. ತಾಯಿ ಸತ್ತ ಹುಡುಗಿಗೆ ತವರಿನ ಬಾಣಂತನ ಎಲ್ಲಿಂದ ಬರಬೇಕು? ಅತ್ತೆಯ ಮನೆಯಲ್ಲೇ, ಕೊಟ್ಟಿಗೆಗೆ ಅಂಟಿಕೊಂಡ ಕತ್ತಲೆ ಕೋಣೆಯಲ್ಲೇ ಹೆತ್ತಳು. ಗಂಡು ಕೂಸು. ಕೂಸಿನ ಬಾಯಿ ಎದೆಯ ಕಡೆ ತಾನಾಗಿ ತಿರುಗಿತು. ತೀರ್ಥಮ್ಮ ಎತ್ತಿಕೊಳ್ಳಲು ಕೈ ಚಾಚಿದಳು. ಕಲ್ಲಮ್ಮ ಆ ಕೈಯನ್ನು ತಟ್ಟಿದಳು.

“ಏ ಹುಚ್ಚಿ, ಮೂರು ದಿನ ಮುಟ್ಟಿಸಬಾರದು. ಅದು ಕೆಟ್ಟ ಹಾಲು ಕಣೇ. ಬಣ್ಣ ನೋಡು, ಕೀವು ಇದ್ದಂಗಿಲ್ವಾ?”

ಕಲ್ಲಮ್ಮ ಒಡೆದ ಮಡಕೆಯ ಓಡಿನಲ್ಲಿ ಒಲೆಯ ಬೂದಿ ತುಂಬಿ ತಂದು ಮುಂದಿಟ್ಟಳು. ಆ ಮನೆಯ ಪದ್ಧತಿ ಅದು: ಬಾಣಂತಿಯ ಮೊದಲ ಹಾಲನ್ನು ಬೂದಿಗೆ ಹಿಂಡಬೇಕು, ಇರುವೆ ಮುಟ್ಟಬಾರದು, ಸಂಜೆಗೆ ಆ ಬೂದಿಯನ್ನು ತಿಪ್ಪೆಗೆ ಹಾಕಬೇಕು. ಮೂರನೆಯ ದಿನ ಹಿರಿಯಳು ಬಂದು ಬಿಸಿನೀರಿನಲ್ಲಿ ಎದೆ ತೊಳೆದು ಕೂಸನ್ನು ಇಟ್ಟ ಮೇಲೆಯೇ ಹಾಲು. ಅಲ್ಲಿಯ ತನಕ ಬಟ್ಟೆಯ ತುದಿಯನ್ನು ಸಕ್ಕರೆ ನೀರಲ್ಲಿ ಅದ್ದಿ ಚೀಪಿಸುವುದು, ಹೊಟ್ಟೆ ಸ್ವಚ್ಛವಾಗಲಿ ಎಂದು ಹರಳೆಣ್ಣೆ ನೆಕ್ಕಿಸುವುದು.

ಅದೇ ವಾರ ಗೋಡೆಯಾಚೆ ಹಸುವೂ ಈದಿತ್ತು. ತೀರ್ಥಮ್ಮ ತನ್ನ ಎದೆಯನ್ನು ತಾನೇ ಹಿಂಡಿ ಹಿಂಡಿ ಬೂದಿಗೆ ಸುರಿಯುತ್ತಿದ್ದಾಗ ಅಡುಗೆಮನೆಯಿಂದ ಏಲಕ್ಕಿಯ ವಾಸನೆ ಬಂತು. ಪಡಸಾಲೆಯಲ್ಲಿ ಯಾರೋ, “ಇನ್ನೊಂದ್ ತುಂಡು ಹಾಕ್ರವ್ವಾ, ಈ ಸಲ ಭಾಳ ಚೆನ್ನಾಗ್ ಬಂದೈತೆ” ಅಂದರು. ಬೂದಿಯ ಮೇಲೆ ಬಿದ್ದ ಹನಿಯನ್ನು ಅವಳು ನೋಡಿದಳು. ಹಳದಿ, ಗಟ್ಟಿ. ಗೋಡೆಯಾಚೆಯದೂ ಹಳದಿ, ಗಟ್ಟಿ. ಅದು ಮಠದ ತನಕ ಹೋಗುತ್ತಿತ್ತು, ಇದು ತಿಪ್ಪೆಗೆ. ಹಸುವಿನ ಮೊದಲ ಹಾಲು ಕರುವಿಗೆ ಹೆಚ್ಚು, ಹೆಂಗಸಿನ ಮೊದಲ ಹಾಲು ಕೂಸಿಗೆ ಕೇಡು. ಎರಡು ಕಡೆಯೂ ಹಸಿದು ಕೂಗುತ್ತಿದ್ದದ್ದು ಹುಟ್ಟಿದ ಎಳೆಜೀವವೇ. ಹತ್ತೊಂಬತ್ತರ ಬಾಣಂತಿಗೆ ಇದನ್ನು ಹೇಳಲು ಮಾತು ಸಿಗಲಿಲ್ಲ, ಸಿಕ್ಕಿದ್ದರೂ ಕೇಳುವವರು ಗಿಣ್ಣು ತಿನ್ನುತ್ತಿದ್ದರು.

ಕೂಸಿಗೆ ಭೇದಿ ಹತ್ತಿತು. ಹೆಸರಿಡುವ ಮುಂಚೆಯೇ ಹೋಯಿತು.

ಆಮೇಲೆ ಆ ಮನೆಯಲ್ಲಿ ನಡೆದ ಪಂಚಾಯಿತಿಯಲ್ಲಿ ಸಕ್ಕರೆ ನೀರಿನ ಹೆಸರು ಬರಲಿಲ್ಲ, ಹರಳೆಣ್ಣೆಯ ಹೆಸರು ಬರಲಿಲ್ಲ, ಆ ಬಟ್ಟೆಯ ತುದಿಯ ಹೆಸರೂ ಬರಲಿಲ್ಲ. “ಇವಳ ಹಾಲಿನ ದೋಷ” ಅಂದಳು ಕಲ್ಲಮ್ಮ. “ಮೂರು ದಿನ ಹಿಂಡಿದ್ರೂ ಪೂರ್ತಿ ಹೋಗಿರಲಿಲ್ಲ.” ಷಣ್ಮುಖಪ್ಪ ಹೆಂಡತಿಯ ಮುಖ ನೋಡದೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಅಷ್ಟಕ್ಕೇ ಊರು ಅವನನ್ನು ದೇವರಂಥವನು ಅಂದಿತು. ಮಗುವನ್ನು ಕಳೆದುಕೊಂಡವಳಿಗೆ ಹೊಡೆಯದೆ ಇದ್ದದ್ದು ಒಂದು ಗುಣ!

ಮುಂದಿನ ವರ್ಷ ಹೆಣ್ಣು ಹುಟ್ಟಿತು. ಅದಕ್ಕೂ ಅದೇ ಓಡು, ಅದೇ ಬೂದಿ. ಅದು ಗಟ್ಟಿ ಜೀವ, ಬದುಕಿಕೊಂಡಿತು. ಸರ್ವಮಂಗಳ ಎಂದು ಹೆಸರಿಟ್ಟರು. “ನೋಡ್ದೇನೇ? ಪೂರ್ತಿ ಹಿಂಡಿಸಿದ್ದಕ್ಕೆ ಉಳೀತು” ಅಂದಳು ಕಲ್ಲಮ್ಮ. ಸತ್ತರೆ ತಾಯಿಯ ಹಾಲಿನ ದೋಷ, ಬದುಕಿದರೆ ಬೂದಿಯ ಪುಣ್ಯ. ಈ ನ್ಯಾಯವನ್ನು ಗೆಲ್ಲುವುದು ಯಾವ ಹೆಂಗಸಿಂದ ಸಾಧ್ಯ?

ಸರ್ವಮಂಗಳಳನ್ನು ಸಿಂಗಟಗೆರೆಗೆ ಕೊಟ್ಟದ್ದು ಎಂಬತ್ತೆಂಟರಲ್ಲಿ. ಹದಿನೇಳು ತುಂಬಿತ್ತಷ್ಟೆ. “ಇನ್ನೊಂದೆರಡು ವರ್ಷ ಓದಲಿ” ಎಂದು ತೀರ್ಥಮ್ಮ ಅಂದದ್ದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಮಾರನೆಯ ವರ್ಷವೇ ಹುಡುಗಿ ಹೊಟ್ಟೆ ಹೊತ್ತು ತವರಿಗೆ ಬಂದಳು. ಆ ತಿಂಗಳಲ್ಲೇ ಕೆಂಪಿ ಎಂಬ ಹಸುವಿಗೆ ಈಯಲಾಗದೆ ಕಷ್ಟ ಬಂದದ್ದು.

ಕರುವಿನ ಮುಂಗಾಲು ಒಂದು ಮಡಿಚಿಕೊಂಡಿತ್ತು. ತೀರ್ಥಮ್ಮನ ಕೈಗೆ ಬಗೆಹರಿಯಲಿಲ್ಲ. ಅಜ್ಜಂಪುರಕ್ಕೆ ಆಳು ಓಡಿದ. ಹೊತ್ತೇರುವ ಮುಂಚೆ ಮೊಪೆಡ್ಡಿನ ಮೇಲೆ ಬಂದದ್ದು ಒಬ್ಬ ಹುಡುಗಿ. ಭಾಗಮ್ಮ ಎಂದು ಹೆಸರು, ತರೀಕೆರೆಯ ಕಡೆಯವಳು, ಹೆಬ್ಬಾಳದಲ್ಲಿ ಓದಿ ದನದ ಡಾಕ್ಟರಾಗಿ ಹೊಸದಾಗಿ ಬಂದಿದ್ದಳು. ಪ್ಯಾಂಟಿನ ಮೇಲೆ ರಬ್ಬರಿನ ಏಪ್ರನ್ ಕಟ್ಟಿಕೊಂಡು, ಬಳೆ ತೆಗೆದು ಜೇಬಿಗೆ ಹಾಕಿ, ಕೊಟ್ಟಿಗೆಯಲ್ಲಿ ಮಂಡಿಯೂರಿದಳು.

ಪಡಸಾಲೆಯಿಂದ ಕಲ್ಲಮ್ಮ ಕೂಗಿ ಕೇಳಿದಳು, “ಯಾರ ಪೈಕಿನಮ್ಮಾ ನೀನು?”

“ರಂಗಪ್ಪನ ಮಗಳು ಅಜ್ಜಿ. ಹೊಲೇರು.” ಭಾಗಮ್ಮ ತಲೆ ಎತ್ತದೆ ಹೇಳಿದಳು. ಅವಳ ತೋಳು ಆಗಲೇ ಹಸುವಿನ ಹೊಟ್ಟೆಯೊಳಗಿತ್ತು.

ಕೆಲಸ ಮುಗಿಯಿತು, ಕರು ಹೊರಬಂತು, ಹೆಣ್ಣು ಕರು. ಡಾಕ್ಟರಿಗೆಂದು ಕಾಫಿಯೂ ಬಂತು, ಆದರೆ ಕೊಟ್ಟಿಗೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ಅಲ್ಯೂಮಿನಿಯಂ ಲೋಟದಲ್ಲಿ. ಆ ಹುಡುಗಿ ಅವರ ಹಸುವಿನ ಗರ್ಭದೊಳಗೆ ಕೈ ಇಡಬಹುದು, ಅವರ ನಡುಮನೆಯೊಳಗೆ ಕಾಲಿಡುವಂತಿಲ್ಲ. ಭಾಗಮ್ಮ ಲೋಟ ನೋಡಿದಳು. “ನಂಗೆ ಕಾಫಿ ಆಗಲ್ಲ” ಅಂದಳು. ತೀರ್ಥಮ್ಮನಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು.

“ಯಜಮಾನ್ರೇ, ಕರು ಸುಸ್ತಾಗಿದೆ,” ಭಾಗಮ್ಮ ಷಣ್ಮುಖಪ್ಪನಿಗೆ ಹೇಳಿದಳು. “ಗಿಣ್ಣುಹಾಲು ಈಗಲೇ ಕುಡಿಸಿ. ಹೊಟ್ಟೆ ತುಂಬ. ಸಂಜೆಗೂ ಕುಡಿಸಿ. ಅದು ಕುಡಿದು ಉಳಿದದ್ದು ನಿಮಗೆ.”

“ಗಿಣ್ಣು ಜಾಸ್ತಿ ಆದ್ರೆ ಭೇದಿ ಹತ್ತುತ್ತೆ ಡಾಕ್ಟ್ರಮ್ಮ.”

“ಕುಡಿಸದೇ ಇದ್ರೆ ಹತ್ತುತ್ತೆ.”

“ನಮ್ಮಪ್ಪನ ಕಾಲದಿಂದ ದನ ಕಟ್ಟಿರೋ ಮನೆ ಇದು.” ಷಣ್ಮುಖಪ್ಪ ನಕ್ಕ. “ನೀವು ಮೊನ್ನೆ ಪಾಸ್ ಮಾಡ್ಕೊಂಡ್ ಬಂದೋರು. ಆಯ್ತು ಬಿಡಿ, ನೋಡಾಣ.” ಹಾಗಂದು ಆಳಿಗೆ ಮಠಕ್ಕೆ ಹೋಗುವ ತಂಬಿಗೆ ತೊಳೆದಿಡಲು ಹೇಳಿ ಹೊರಗೆ ಹೋದ.

ಭಾಗಮ್ಮನ ಕೈಗೆ ನೀರು ಹಾಕುತ್ತಿದ್ದ ತೀರ್ಥಮ್ಮ ಸಣ್ಣ ದನಿಯಲ್ಲಿ ಕೇಳಿದಳು. “ಡಾಕ್ಟ್ರಮ್ಮ, ಆ ಹಳದಿ ಹಾಲಲ್ಲಿ ಅಂಥದ್ದೇನೈತೆ?”

ಆ ಹುಡುಗಿ ಆಗ ಅವಳನ್ನು ಸರಿಯಾಗಿ ನೋಡಿದಳು. ಕೊಟ್ಟಿಗೆಯಲ್ಲಿ ಪ್ರಶ್ನೆ ಕೇಳುವವರು ಅವಳಿಗೆ ಹೆಚ್ಚು ಸಿಕ್ಕಿರಲಿಲ್ಲ ಅಂತ ಕಾಣುತ್ತದೆ.

“ರೋಗ ತಡೆಯೋ ಶಕ್ತಿ ಇದೆ ಅಮ್ಮೋರೇ. ಅದು ಎಲ್ಲ ಡಾಕ್ಟ್ರುಗಳಿಗೂ ಗೊತ್ತಿರೋ ಹಳೇ ವಿಷಯ. ಇನ್ನೊಂದು ಇದೆ, ಅದು ಈಗೀಗ ಗೊತ್ತಾಗ್ತಿರೋದು. ನೀವು ಹೊಸ ಗೋಡೆ ಕಟ್ಟಿದ ತಕ್ಷಣ ಅದಕ್ಕೆ ನೀರು ಎರಚ್ತೀರಾ?”

“ಇಲ್ಲಪ್ಪ. ಹಸೀ ಮಣ್ಣು ಕರಗಿ ಹೋಗಲ್ವಾ? ಮೊದಲು ಮೆತ್ತಬೇಕು, ಸಾರಿಸಬೇಕು.”

“ಹಂಗೇನೇ ಹುಟ್ಟಿದ ಕರುವಿನ ಕರುಳು. ಒಳಗೋಡೆ ಇನ್ನೂ ಹಸಿ. ಅದು ಬೆಳೀಬೇಕು, ಮಾಗಬೇಕು. ಅದನ್ನ ಮಾಗಿಸೋ ಸಾಮಾನು ತಾಯಿ ಹಾಲಲ್ಲೇ ಬರುತ್ತೆ. ಪಾಲಿಅಮೀನ್ ಅಂತಾರೆ. ಒಂದು ಜೀವಕಣ ಎರಡಾಗಬೇಕು, ಎರಡು ನಾಲ್ಕಾಗಬೇಕು ಅಂದ್ರೆ ಇದು ಬೇಕೇ ಬೇಕು. ಬಸಿರು ನಿಂತ ದಿನದಿಂದ ಬೇಕು. ಗರ್ಭದಲ್ಲಿ ಇರುತ್ತೆ, ಈಗ ಗೋಣಿಗೆ ಕಟ್ಟಿದ್ರಲ್ಲ ಆ ಕಸದಲ್ಲಿ ಇರುತ್ತೆ, ಹುಟ್ಟಿದ ಮೇಲೆ ಹಾಲಲ್ಲಿ ಬರುತ್ತೆ. ಇಲಿಮರಿಗಳಿಗೆ ಕುಡಿಸಿ ನೋಡಿದಾರಂತೆ, ಕರುಳು ಬೇಗ ಮಾಗ್ತಂತೆ. ನಾನು ಓದಿದ್ದು ಅಷ್ಟು. ಕರುವಿನ ಮೇಲೆ ಇನ್ನೂ ಯಾರು ಎಷ್ಟು ನೋಡಿದಾರೋ ಗೊತ್ತಿಲ್ಲ.”

“ಏನೋ ಹೆಸರು ಹೇಳಿದ್ರಲ್ಲ, ಅದು ಒಂದೇ ಸಾಮಾನಾ?”

“ಮೂರ್ನಾಲ್ಕಿವೆ.” ಭಾಗಮ್ಮ ತಟ್ಟನೆ ನಕ್ಕಳು, ನಗುವಿನಲ್ಲಿ ಸಿಟ್ಟಿತ್ತು. “ಒಂದರ ಹೆಸರು ಸ್ಪರ್ಮಿನ್ ಅಂತ. ಅಂದ್ರೆ ಗಂಡಸಿನ ವೀರ್ಯದ್ದು ಅಂತ. ಮುನ್ನೂರು ವರ್ಷದ ಹಿಂದೆ ಪರದೇಶದಲ್ಲಿ ಒಬ್ಬ ಭೂತಗನ್ನಡಿ ಹಿಡಿದು ವೀರ್ಯದಲ್ಲಿ ಹರಳು ನೋಡಿದ್ನಂತೆ, ಆ ಹೆಸರೇ ಉಳೀತು. ಇನ್ನೊಂದು ಕೊಳೆತ ಮಾಂಸದಲ್ಲಿ ಸಿಕ್ತು, ಅದಕ್ಕೆ ಕೊಳೆತದ ಹೆಸರೇ ಇಟ್ರು.”

ತೀರ್ಥಮ್ಮ ಚೊಂಬನ್ನು ಕೈಯಲ್ಲೇ ಹಿಡಿದು ನಿಂತಳು. “ಗಂಡಸಿನ ಮೈಯಲ್ಲಿ ಹುಡುಕಿದ್ರು, ಕೊಳೆತದ್ರಲ್ಲಿ ಹುಡುಕಿದ್ರು. ಹೆತ್ತವಳ ಮೈಯಲ್ಲಿ ಯಾರೂ ನೋಡ್ಲಿಲ್ವಾ?”

“ನೋಡಿದ್ರು. ಎಲ್ಲ ಆದ ಮೇಲೆ.”

“ಹೆಂಗಸರ ಹಾಲಲ್ಲೂ ಐತಾ?” ಈ ಪ್ರಶ್ನೆ ಕೇಳುವಾಗ ತೀರ್ಥಮ್ಮ ಕೋಣೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಸರ್ವಮಂಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕರುವನ್ನು ನೋಡುತ್ತ ನಿಂತಿದ್ದಳು.

“ಇದೆ. ಹಾಲು ಕೊಡೋ ಎಲ್ಲ ತಾಯಂದಿರದ್ರಲ್ಲೂ ಇದೆ. ಆದ್ರೆ ನಾನು ದನದ ಡಾಕ್ಟ್ರು ಅಮ್ಮೋರೇ. ನಿಮ್ಮ ಮಗಳ ವಿಷಯ ನರ್ಸಮ್ಮನ್ನ ಕೇಳಿ.” ಮೊಪೆಡ್ ಹತ್ತುವಾಗ ಮತ್ತೆ ತಿರುಗಿ, “ಕರುವಿಗೆ ಕುಡಿಸಿ” ಅಂದಳು.

ಕುಡಿಸಲು ತೀರ್ಥಮ್ಮ ಕರುವನ್ನು ಎತ್ತಿ ಕೆಚ್ಚಲಿಗೆ ತಂದಳು. ಕರು ಎರಡು ಸಲ ತಲೆಯಿಂದ ಗುದ್ದಿ ಮೊಲೆ ಹಿಡಿದದ್ದೇ ತಡ, ಷಣ್ಮುಖಪ್ಪ ಬಾಗಿಲಲ್ಲಿ ನಿಂತಿದ್ದ. “ಸಾಕು ಕಣೇ. ಬಾಯಿ ತೋರಿಸಿದ್ದಾಯ್ತಲ್ಲ. ಆಳು ಕಾಯ್ತಾವ್ನೆ.” ಕತ್ತು ಹಿಡಿದು ಎಳೆದವನೂ ಅವನೇ. ಹಾಲು ತಂಬಿಗೆಗೆ ಬಿತ್ತು. ಕರೆದದ್ದು ತೀರ್ಥಮ್ಮನ ಕೈ. ಆ ಮನೆಯಲ್ಲಿ ಬೇಡವೆನ್ನುವ ಅಪ್ಪಣೆಗಳೆಲ್ಲ ಗಂಡಸರವು, ಅವನ್ನು ನಡೆಸುವ ಕೈಗಳು ಮಾತ್ರ ಹೆಂಗಸರವು.

ಕರುವಿಗೆ ಭೇದಿ ಹತ್ತಿತು. ಎದ್ದು ನಿಲ್ಲಲಾರದೆ ಹೋಯಿತು. ಅದರ ಹಿಂಭಾಗ ತೊಳೆದವಳು, ಗಂಜಿ ತಿಳಿ ಹಾಕಿದವಳು, ಗೋಣಿ ಹೊದಿಸಿದವಳು ತೀರ್ಥಮ್ಮ. ಅದು ಸತ್ತಾಗ ಷಣ್ಮುಖಪ್ಪ ಹೇಳಿದ್ದು ಒಂದೇ ಮಾತು. “ಆ ಡಾಕ್ಟ್ರಮ್ಮನ ಕೈ ತಾಕಿದ್ದಕ್ಕೇ ಕಣೇ. ಎಲ್ಲಿಂದೆಲ್ಲೋ ಬಂದೋರನ್ನ ಕೊಟ್ಟಿಗೆಗೆ ಬಿಟ್ಕೊಂಡ್ರೆ ಇನ್ನೇನಾಗುತ್ತೆ?”

ಸಿಕ್ಕಿಹಾಕಿಕೊಂಡಿದ್ದ ಕರುವನ್ನು ಜೀವಂತ ಹೊರಗೆ ತೆಗೆದ ಕೈ ಅದು. ಹತ್ತೊಂಬತ್ತು ವರ್ಷದ ಹಿಂದೆ ದೋಷ ತೀರ್ಥಮ್ಮನ ಎದೆಯಲ್ಲಿತ್ತು, ಈಗ ಭಾಗಮ್ಮನ ಕೈಯಲ್ಲಿ. ಕತ್ತು ಹಿಡಿದು ಎಳೆದ ಕೈಗೆ, ಬೂದಿ ತಂದಿಟ್ಟ ಕೈಗೆ ಯಾವತ್ತೂ ದೋಷ ಅಂಟುವುದಿಲ್ಲ. ತೀರ್ಥಮ್ಮನ ಬಾಯಲ್ಲಿ ಮಾತು ಬಂದು ನಿಂತಿತು. ಪಡಸಾಲೆಯಲ್ಲಿ ಇಬ್ಬರು ಹೊರಗಿನವರು ಕೂತಿದ್ದರು, ಅವರಿಗೆ ಮಜ್ಜಿಗೆ ಕೊಡಬೇಕಿತ್ತು. ಕೊಟ್ಟಳು. ಅವತ್ತು ಇಡೀ ದಿನ ಮಾಡಿದ ಯಾವ ಕೆಲಸದಲ್ಲೂ ಅವಳ ಮನಸ್ಸಿರಲಿಲ್ಲ. ರೊಟ್ಟಿ ಸೀದವು, ಬೈಸಿಕೊಂಡಳು.

ಆಮೇಲೆ ಅವಳ ಕಣ್ಣು ಮಗಳ ಹೊಟ್ಟೆಯ ಮೇಲೆಯೇ. ಒಂದು ಸಲ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವಾಗ ಮೆಲ್ಲಗೆ ತೆಗೆದಳು. “ಅತ್ತೆಮ್ಮ, ಮಂಗಳನ ಕೂಸಿಗೆ ಹುಟ್ಟಿದ ಕೂಡ್ಲೇ ಹಾಲು ಕುಡಿಸಿದ್ರೆ ಏನು?”

ಕಲ್ಲಮ್ಮ ಕಾಲು ಎಳೆದುಕೊಂಡಳು. “ನಿನಗೇನು ಗಾಳಿ ಬಡಿದೈತಾ? ನಮ್ಮತ್ತೆ ನನಗೆ ಹಿಂಡಿಸಿದ್ಲು, ನಾನು ನಿನಗೆ ಹಿಂಡಿಸ್ದೆ. ನನ್ನವೂ ಎರಡು ಹೋದ್ವು ಕಣೇ. ನಾನೇನು ಪದ್ಧತಿ ಬಿಟ್ನಾ?” ಆಮೇಲೆ ದನಿ ಗಟ್ಟಿ ಮಾಡಿಕೊಂಡು ಅಂದಳು, “ಬೀಗಿತ್ತಿ ಮುಂದೆ ಇಂಥ ಮಾತು ಆಡೀಯ. ಅವಳೂ ಬೂದಿ ನೋಡೇ ಕೂಸನ್ನ ಮುಟ್ಟೋದು. ಕೂಸಿಗೆ ಹೆಚ್ಚು ಕಮ್ಮಿ ಆಯ್ತೋ, ನಿನ್ನ ಮಗಳನ್ನ ಬಾಗಿಲಲ್ಲೇ ತಿರುಗಿಸಿ ಕಳಿಸ್ತಾರೆ.”

ಎರಡು ಕೂಸುಗಳು! ತೀರ್ಥಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವಳು, ಎರಡು ಎಳೆಗೂಸುಗಳನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಅವುಗಳನ್ನು ತಿಂದ ಪದ್ಧತಿಯನ್ನೇ ಕಾವಲು ಕಾಯುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಲೂ ತೀರ್ಥಮ್ಮನಿಂದ ಪೂರ್ತಿ ಆಗಲಿಲ್ಲ. ಆ ಕಾಲನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ತಿಕ್ಕಿದಳು.

ಸರ್ವಮಂಗಳಳಿಗೆ ನೋವು ಬಂದದ್ದು ಒಂದು ಬೆಳಿಗ್ಗೆ, ತೀರ್ಥಮ್ಮ ಮೊಸರು ಕಡೆಯುತ್ತಿದ್ದಾಗ. ಹೊತ್ತು ನೆತ್ತಿಗೆ ಬರುವ ಮೊದಲು ಹೆರಿಗೆಯಾಯಿತು. ಹೆಣ್ಣು ಕೂಸು. ಅಜ್ಜಂಪುರದಿಂದ ಬಂದಿದ್ದ ನರ್ಸಮ್ಮ ಹೊಕ್ಕುಳು ಕತ್ತರಿಸಿ, ಕೂಸನ್ನು ಒರೆಸಿ ಕೊಟ್ಟು, “ಈಗಲೇ ಎದೆಹಾಲು ಕುಡಿಸಿ, ಬೇರೇನೂ ಹಾಕಬೇಡಿ” ಅಂದಳು. “ಆಯ್ತು ಕಣಮ್ಮ, ಆಯ್ತು ಕಣಮ್ಮ” ಎಂದು ಕಲ್ಲಮ್ಮ ಅವಳ ಕೈಗೆ ಎಲೆಅಡಿಕೆ, ತೆಂಗಿನಕಾಯಿ ಇಟ್ಟು ಬಸ್ಸಿನ ತನಕ ಆಳು ಕಳಿಸಿದಳು. ನರ್ಸಮ್ಮನ ಮಾತಿಗೆ ಆ ಊರಿನಲ್ಲಿ ಇಲ್ಲವೆಂದವರೇ ಇಲ್ಲ. ಮಾಡಿದವರೂ ಇಲ್ಲ.

ಬಸ್ಸಿನ ಸದ್ದು ಅಡಗುವ ಮೊದಲೇ ಕಲ್ಲಮ್ಮ ಕೋಣೆಯ ಹೊಸಿಲಿನಾಚೆಯಿಂದ ಓಡನ್ನು ಒಳಗೆ ತಳ್ಳಿದಳು. ಹಳೆಯ ಓಡು ಯಾವತ್ತೋ ಚೂರಾಗಿತ್ತು, ಇದು ಬೇರೆ. ಬೂದಿ ಅದೇ ಒಲೆಯದು. ಜೊತೆಗೆ ಸಕ್ಕರೆ ನೀರಿನ ಬಟ್ಟಲು, ಸುತ್ತಿದ ಬಟ್ಟೆಯ ತುದಿ.

“ಹಿಂಡಿಸೇ. ಬೀಗರು ಸಿಂಗಟಗೆರೆಯಿಂದ ಸಂಜೆಗೆ ಬತ್ತಾರೆ. ಬಂದ ತಕ್ಷಣ ಬೀಗಿತ್ತಿ ಕೇಳೋದೇ ಇದನ್ನ.”

ತೀರ್ಥಮ್ಮ ಬಾಗಿಲು ಮುಂದೆ ಮಾಡಿ ಅಗುಳಿ ಹಾಕಿದಳು. ಕೂಸು ಮುಷ್ಟಿ ಬಾಯಿಗೆ ಹಿಡಿದು ಕೂಗುತ್ತಿತ್ತು. ಭೇದಿ ಹತ್ತಿದ ಕರುವಿನ ಕಣ್ಣು, ಹೆಸರಿಲ್ಲದೆ ಹೋದ ತನ್ನ ಕೂಸಿನ ಕಣ್ಣು, ಎರಡೂ ಒಂದೇ ಥರ ಒಳಗೆ ಹೋಗಿದ್ದವು. ಆ ಹುಡುಗಿ ಹೇಳಿದ ಸಾಮಾನಿನ ಹೆಸರು ಅವಳಿಗೆ ಮರೆತುಹೋಗಿತ್ತು. ಹಸಿ ಗೋಡೆ ಮರೆತಿರಲಿಲ್ಲ.

“ಅಜ್ಜಿ ಬೈತಾರವ್ವ” ಅಂದಳು ಸರ್ವಮಂಗಳ, ಬಿಳಿಚಿದ ತುಟಿಯಲ್ಲಿ.

“ಬೈಲಿ. ಈ ಕಡೆ ತಿರುಗಿ ಮಲಗು.”

ಕೂಸಿನ ಬಾಯಿ ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು. ಹಿಡಿಯಿತು. ಕೂಗು ನಿಂತು ಕೋಣೆಯಲ್ಲಿ ಸಣ್ಣಗೆ ನುಂಗುವ ಸದ್ದು ಮಾತ್ರ ಉಳಿಯಿತು. ಕೆನ್ನೆಯ ಪಕ್ಕ ಇಳಿದ ಹಳದಿ ಹನಿಯನ್ನು ತೀರ್ಥಮ್ಮ ಬೆರಳಲ್ಲಿ ಎತ್ತಿ ಮತ್ತೆ ಅದರ ತುಟಿಗೇ ಹಚ್ಚಿದಳು. ತನ್ನ ಎದೆಯಿಂದ ತಾನೇ ಹಿಂಡಿ ಚೆಲ್ಲಿದ್ದು ಎಷ್ಟು, ಯಾರಿಗೆ ಗೊತ್ತು? ಅವಳಿಗೆ ಅಳು ಬರಲಿಲ್ಲ.

ಸಂಜೆಯ ಬಸ್ಸಿಗೆ ಬೀಗಿತ್ತಿ ಮಲ್ಲಿಕಾಂಬ ಬಂದಿಳಿದಳು, ಜೊತೆಗೆ ಗಂಡ, ಅಳಿಯ. ಪಡಸಾಲೆಯಲ್ಲಿ ಚಾಪೆ ಹಾಸಿದ ಸದ್ದು, ಕಾಲಿಗೆ ನೀರು ಕೊಟ್ಟ ಸದ್ದು. “ಹೆಣ್ಣಾ? ಆಗ್ಲಿ ಬಿಡಿ, ಮನೆಗೆ ಲಕ್ಷ್ಮಿ” ಎಂದು ಬೀಗಿತ್ತಿಯ ದನಿ ಬಂತು, ಲಕ್ಷ್ಮಿ ಎನ್ನುವಾಗ ಸ್ವಲ್ಪ ಇಳಿದು ಬಂತು. ಆಮೇಲೆ, “ಹಿಂಡಿಸಿದೀರಾ?”

“ಅಗೋ, ಒಳಗೆ ಆಗ್ತಾ ಐತೆ” ಅಂದಳು ಕಲ್ಲಮ್ಮ. ಬಾಗಿಲು ಬಡಿದಳು. “ತೀರ್ಥಾ, ಬೂದಿ ಈಚೆ ತಗಂಬಾರೇ.”

ಸರ್ವಮಂಗಳ ತಾಯಿಯ ಸೆರಗು ಹಿಡಿದಳು. ಕಣ್ಣು ಪಡಸಾಲೆಯ ಕಡೆಗಿತ್ತು. “ಅವ್ವ, ಬೂದಿಗೆ ಒಂ‌ಚೂರು ಸಕ್ಕರೆ ನೀರು ಹಾಕ್ಬಿಡು. ಒದ್ದೆ ಆಗುತ್ತೆ. ಯಾರಿಗೂ ಗೊತ್ತಾಗಲ್ಲ. ಒಳಗೆ ನಾನು ಕುಡಿಸ್ತಾ ಇರ್ತೀನಿ.”

ಹುಡುಗಿ ದಡ್ಡಿಯಲ್ಲ. ಹೆಂಗಸರು ಅಷ್ಟು ಕಾಲ ಬದುಕಿದ್ದೇ ಹೀಗೆ, ಎದುರಿಗೆ ಹೂಂಗುಟ್ಟಿ, ಬೆನ್ನ ಹಿಂದೆ ಒಂದು ಗುಟುಕು ಉಳಿಸಿ. ತೀರ್ಥಮ್ಮನ ಕೈ ಬಟ್ಟಲಿಗೆ ಹೋಯಿತು. ಹಾಕಿದರೆ ಯಾರ ಬಾಯಿಗೂ ಬೀಳಬೇಕಿಲ್ಲ. ಕೂಸಿಗೆ ನಾಳೆ ಜ್ವರ ಬಂದರೂ, ಶೀತವಾದರೂ ದೋಷ ಅವಳ ತಲೆಗೆ ಬರುವುದಿಲ್ಲ. ಕೂಸು ಚೆನ್ನಾಗಿ ಬೆಳೆದರೆ? ಆಗ ಬೂದಿಯ ಪುಣ್ಯ. ಮಲ್ಲಿಕಾಂಬ ಸಿಂಗಟಗೆರೆಗೆ ಹೋಗಿ ಹೇಳುತ್ತಾಳೆ, ನೋಡ್ರೇ, ಪೂರ್ತಿ ಹಿಂಡಿಸಿದ್ರು, ಕೂಸು ಹೆಂಗೈತೆ ಅಂತ. ಇನ್ನೊಂದು ಕತ್ತಲೆ ಕೋಣೆಯೊಳಕ್ಕೆ ಇನ್ನೊಂದು ಓಡು ತಳ್ಳುತ್ತಾರೆ. ಮುಂದೆ ಒಂದು ದಿನ ಇದೇ ಸರ್ವಮಂಗಳ, ಇದೇ ಕೂಸು ಬಾಣಂತಿಯಾದಾಗ ಅದರ ಮುಂದೆ.

“ಹಾಕವ್ವ, ಬೇಗ” ಅಂದಳು ಮಗಳು.

ತೀರ್ಥಮ್ಮ ಬಟ್ಟಲನ್ನು ಎತ್ತಿ ಸಕ್ಕರೆ ನೀರನ್ನು ಕೋಣೆಯ ಮೂಲೆಯ ಬಚ್ಚಲ ಕಿಂಡಿಗೆ ಸುರಿದಳು. ಮಗಳು ಹಿಡಿದಿದ್ದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು. ಓಡನ್ನು ಎರಡು ಕೈಯಲ್ಲಿ ಎತ್ತಿಕೊಂಡಳು, ಬೂದಿ ಹಗುರವಾಗಿತ್ತು, ಉಸಿರು ಬಿಟ್ಟರೆ ಹಾರುತ್ತಿತ್ತು. ಮೊಣಕೈಯಿಂದ ಅಗುಳಿ ಸರಿಸಿದಳು.

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಅವಳು ನಡುವೆ ನಡೆದು ಬಂದು, ಮಲ್ಲಿಕಾಂಬನ ಮುಂದೆ ನಿಂತು, ಒಣ ಬೂದಿಯನ್ನು ಅವಳ ಕಣ್ಣಿಗೆ ಕಾಣುವಷ್ಟು ಕೆಳಗೆ ಹಿಡಿದಳು.

“ಒಂದು ಹನೀನೂ ಬಿದ್ದಿಲ್ಲ ಬೀಗಿತ್ತೇರೇ. ಎಲ್ಲ ಕೂಸಿನ ಹೊಟ್ಟೆಗೆ ಹೋಯ್ತು. ಕುಡಿಸಿದ್ದು ನಾನು.”

“ಲೇ!” ಎಂದು ಷಣ್ಮುಖಪ್ಪ ಎದ್ದು ನಿಂತ. ಕಲ್ಲಮ್ಮನ ಕೈ ಬಾಯಿಗೆ ಹೋಯಿತು. ತೀರ್ಥಮ್ಮ ಯಾರ ಮಾತಿಗೂ ಕಾಯದೆ ಅಡುಗೆಮನೆಗೆ ನಡೆದು, ಬೂದಿಯನ್ನು ತಂದ ಒಲೆಗೇ ಸುರಿದು, ಓಡನ್ನು ಅದೇ ಒಲೆಯ ಕಲ್ಲಿಗೆ ಕುಕ್ಕಿ ಒಡೆದಳು.